ಆ್ಯಂಟಿ-ಅಲಿಯಾಸಿಂಗ್: ರಿಯಲ್-ಟೈಮ್ ಗ್ರಾಫಿಕ್ಸ್‌ನಲ್ಲಿ ನಡೆದುಬಂದ ದಾರಿ

ಪರದೆಯ ಮೇಲಿನ ಓರೆಗೆರೆ ಹತ್ತಿರದಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಪಿಕ್ಸೆಲ್ಲಿನ ನಡುಬಿಂದು ತ್ರಿಕೋನದ ಒಳಗೆ ಬಿದ್ದರೆ ಇಡೀ ಪಿಕ್ಸೆಲ್ಲಿಗೆ ತ್ರಿಕೋನದ ಬಣ್ಣ, ಹೊರಗೆ ಬಿದ್ದರೆ ಹಿನ್ನೆಲೆಯ ಬಣ್ಣ. ಅರ್ಧಂಬರ್ಧಕ್ಕೆ ಅಲ್ಲಿ ಜಾಗವಿಲ್ಲ. ಹೀಗೆ ಹಲ್ಲುಹಲ್ಲಾಗುವ ಅಂಚನ್ನು ನಯಗೊಳಿಸುವ ವಿಧಾನಗಳಿಗೆಲ್ಲ ಆ್ಯಂಟಿ-ಅಲಿಯಾಸಿಂಗ್ ಎಂಬ ಹೆಸರಿದೆ. ಆ್ಯನಿಮೇಷನ್ ಸಿನಿಮಾದ ಒಂದು ಫ್ರೇಮಿಗಾಗಿ ಗಂಟೆಗಟ್ಟಲೆ ಕಾಯಬಹುದು. ಸೆಕೆಂಡಿಗೆ 60 ಫ್ರೇಮ್ ಓಡಬೇಕಾದ ಗೇಮ್‌ಗೆ ಸಿಗುವುದು ಫ್ರೇಮಿಗೆ 16.7 ಮಿಲಿಸೆಕೆಂಡ್ ಮಾತ್ರ. ಆದ್ದರಿಂದ ಇಲ್ಲಿ ಪ್ರಶ್ನೆ ಯಾವಾಗಲೂ ಖರ್ಚಿನದು: ಪಿಕ್ಸೆಲ್ಲಿನೊಳಗೆ ಇನ್ನಷ್ಟು ಬಿಂದುಗಳನ್ನು ಪರೀಕ್ಷಿಸುವ, ಅಂದರೆ ಹೆಚ್ಚುವರಿ ಸ್ಯಾಂಪಲ್‌ಗಳ, ಲೆಕ್ಕವನ್ನು ಯಾರ ತಲೆಗೆ ಕಟ್ಟಬೇಕು?

ಈ ಹಲ್ಲುಹಲ್ಲು ಅಂಚು ಚಿತ್ರಕಲೆಯ ಕುಂದಲ್ಲ, ಸ್ಯಾಂಪ್ಲಿಂಗ್ ಸಾಲದೆ ಹುಟ್ಟುವ ದೋಷ ಎಂದು 1977ರಲ್ಲಿ ಸ್ಪಷ್ಟವಾಗಿ ವಿವರಿಸಿದವನು ಫ್ರಾಂಕ್ಲಿನ್ ಕ್ರೋ. ಮುಂದೆ ಲುಕಾಸ್‌ಫಿಲ್ಮ್‌ನ ಲೋರೆನ್ ಕಾರ್ಪೆಂಟರ್ 1984ರಲ್ಲಿ ಎ-ಬಫರ್ ಎಂಬ ಅಂಚು ನಯಗೊಳಿಸುವ ವಿಧಾನವನ್ನು ಪ್ರಕಟಿಸಿದ. ಅದೇ ಹೊತ್ತಿಗೆ ಅಲ್ಲಿನ ಗೇಮ್ ವಿಭಾಗಕ್ಕೆ ಅವನು ನೆರವಾದ ‘ರೆಸ್ಕ್ಯೂ ಆನ್ ಫ್ರಾಕ್ಟಾಲಸ್’ನಲ್ಲಿ ಶತ್ರುಗಳ ಹೆಸರು ‘ಜಾಗಿ’. ಅಟಾರಿ ಯಂತ್ರದಲ್ಲಿ ನೀಗಿಸಲಾಗದ ಜಾಗೀಸ್‌ಗೆ, ಅಂದರೆ ಹಲ್ಲಂಚಿಗೆ, ಕೊಟ್ಟ ಚೇಷ್ಟೆಯ ಗೌರವವದು.

ಯಂತ್ರಾಂಶದ ಕಡೆಯಿಂದ ಉತ್ತರ ಬಂದದ್ದು ಸಿಲಿಕಾನ್ ಗ್ರಾಫಿಕ್ಸ್‌ನಿಂದ. ಪಾಲ್ ಹೆಬರ್ಲಿ ಮತ್ತು ಕರ್ಟ್ ಏಕ್ಲಿ 1990ರಲ್ಲಿ ಅಕ್ಯುಮುಲೇಷನ್ ಬಫರ್ ಮುಂದಿಟ್ಟರು: ದೃಶ್ಯವನ್ನು ಕೂದಲೆಳೆಯಷ್ಟು ಸರಿಸಿ ಹಲವು ಸಲ ಬಿಡಿಸುವುದು, ಸರಾಸರಿ ತೆಗೆಯುವುದು. 1993ರಲ್ಲಿ ವಿವರಿಸಲಾದ, ಅದೇ ಕಂಪನಿಯ ರಿಯಾಲಿಟಿ ಎಂಜಿನ್ ಇನ್ನೂ ಜಾಣತನದ್ದು. ಮಲ್ಟಿಸ್ಯಾಂಪ್ಲಿಂಗ್ ಎಂಬ ಅದರ ಉಪಾಯದಲ್ಲಿ ಬಣ್ಣದ ಲೆಕ್ಕ ತ್ರಿಕೋನವೊಂದಕ್ಕೆ ಪಿಕ್ಸೆಲ್ಲಿಗೊಮ್ಮೆ ಮಾತ್ರ. ಪಿಕ್ಸೆಲ್ಲಿನ ಎಷ್ಟು ಭಾಗ ಮುಚ್ಚಿದೆ, ಆಳ ಎಷ್ಟು ಎಂಬುದಷ್ಟನ್ನೇ ಪ್ರತಿ ಸ್ಯಾಂಪಲ್ಲಿಗೂ ನೋಡಲಾಗುತ್ತದೆ. ನಾಲ್ಕರಲ್ಲಿ ಮೂರು ಸ್ಯಾಂಪಲ್ ಮುಚ್ಚಿದ್ದರೆ ಶೇ. 75 ಮುನ್ನೆಲೆ, ಶೇ. 25 ಹಿನ್ನೆಲೆ. ಈ ಕ್ಷೇತ್ರದಲ್ಲಿ ಇಷ್ಟು ಅಚ್ಚುಕಟ್ಟಾದ ಮಿತವ್ಯಯ ಮತ್ತೆ ಕಾಣಿಸಿಕೊಂಡಿಲ್ಲ ಎನ್ನಬಹುದು.

ಮನೆಯ ಪಿಸಿಗೆ ಇದು ನೇರವಾಗಿ ಇಳಿದು ಬರಲಿಲ್ಲ. 2000ದಲ್ಲಿ 3ಡಿಎಫ್‌ಎಕ್ಸ್‌ನ ವೂಡೂ5 ಕಾರ್ಡ್ ಪಿಕ್ಸೆಲ್ಲಿಗೆ ನಾಲ್ಕು ಪೂರ್ಣ ಸ್ಯಾಂಪಲ್ ತೆಗೆಯುವ ಸೂಪರ್‌ಸ್ಯಾಂಪ್ಲಿಂಗ್ ತಂದಿತು. ವೇಗ ಅಷ್ಟೇ ಕುಸಿಯುತ್ತಿತ್ತು. ಆದರೆ ಅದರ ಸ್ಯಾಂಪಲ್‌ಗಳ ಜೋಡಣೆ ಗಮನಿಸಬೇಕಾದದ್ದು. ನಾಲ್ಕು ಬಿಂದುಗಳನ್ನು ಎರಡು ಸಾಲು, ಎರಡು ಕಂಬವಾಗಿ ಇಟ್ಟರೆ, ಬಹುತೇಕ ಅಡ್ಡಕ್ಕಿರುವ ಅಂಚು ಹಾಯುವಾಗ ಎರಡೆರಡು ಬಿಂದು ಹೆಚ್ಚುಕಡಿಮೆ ಒಟ್ಟಿಗೇ ಮುಚ್ಚಿಹೋಗುತ್ತವೆ. ಸಿಗುವುದು 0, 50, 100 ಎಂಬ ಮೂರು ಛಾಯೆ. ಅದೇ ಜಾಲವನ್ನು ತುಸು ತಿರುಗಿಸಿದರೆ ನಾಲ್ಕೂ ಬಿಂದು ಬೇರೆ ಬೇರೆ ಎತ್ತರಕ್ಕೆ ಬಂದು ಐದು ಛಾಯೆಗಳಾಗುತ್ತವೆ. ಕಣ್ಣಿಗೆ ಹೆಚ್ಚು ಚುಚ್ಚುವುದೂ ಹೀಗೆ ಬಹುತೇಕ ಅಡ್ಡಕ್ಕಿರುವ ಅಂಚುಗಳೇ. ಅದೇ ವರ್ಷದ ಡಿಸೆಂಬರಿನಲ್ಲಿ 3ಡಿಎಫ್‌ಎಕ್ಸ್ ತನ್ನ ಆಸ್ತಿಯನ್ನು ಎನ್‌ವಿಡಿಯಾಗೆ ಮಾರಲು ಒಪ್ಪಿತು. ತಿರುಗಿಸಿದ ಜಾಲ ಮಾತ್ರ ಉಳಿದುಕೊಂಡಿತು. 2001ರ ಜಿಫೋರ್ಸ್3 ಮಲ್ಟಿಸ್ಯಾಂಪ್ಲಿಂಗನ್ನು ಸಾಮಾನ್ಯ ಕೊಳ್ಳುಗರಿಗೆ ತಲುಪಿಸಿತು. 2002ರ ರೇಡಿಯಾನ್ 9700 ಗಾಮಾ, ಅಂದರೆ ಪಿಕ್ಸೆಲ್ಲಿನ ಸಂಖ್ಯೆಗೂ ನಿಜವಾದ ಬೆಳಕಿಗೂ ಇರುವ ಸಂಬಂಧದ, ಲೆಕ್ಕವನ್ನೂ ಸರಿಪಡಿಸಿತು: 0ಯಿಂದ 255ರ ಅಳತೆಯಲ್ಲಿ ಕಪ್ಪು-ಬಿಳುಪಿನ ನಡುವಿನ ಅರ್ಧ ಬೆಳಕು 128 ಅಲ್ಲ, ಸುಮಾರು 188.

ಮಲ್ಟಿಸ್ಯಾಂಪ್ಲಿಂಗ್‌ಗೆ ಪೆಟ್ಟು ಬಿದ್ದದ್ದು ಬೇರೆ ದಿಕ್ಕಿನಿಂದ. ಹತ್ತಾರು ದೀಪಗಳಿರುವ ದೃಶ್ಯಗಳಿಗಾಗಿ ಎಂಜಿನ್‌ಗಳು ಡಿಫರ್ಡ್ ಶೇಡಿಂಗ್‌ಗೆ ಹೊರಳಿದವು. ಅದರಲ್ಲಿ ಮೇಲ್ಮೈಯ ಬಣ್ಣ, ದಿಕ್ಕು, ಆಳಗಳನ್ನು ಮೊದಲು ಬಫರ್‌ಗಳಲ್ಲಿ ಬರೆದಿಟ್ಟು, ಬೆಳಕಿನ ಲೆಕ್ಕ ಆಮೇಲೆ. ಮಲ್ಟಿಸ್ಯಾಂಪ್ಲಿಂಗ್ ಬೇಕೆಂದರೆ ಇವೆಲ್ಲವನ್ನೂ ಪ್ರತಿ ಸ್ಯಾಂಪಲ್ಲಿಗೂ ಇಡಬೇಕು. ಸ್ಯಾಂಪಲ್ಲಿಗೆ 20 ಬೈಟ್ ಎಂದಿಟ್ಟುಕೊಂಡರೂ 1920×1080 ಪರದೆಗೆ, ನಾಲ್ಕು ಸ್ಯಾಂಪಲ್‌ಗಳಿಗೆ ಸುಮಾರು 166 ಎಂಬಿ ಬೇಕು. ಪ್ಲೇಸ್ಟೇಷನ್ 3ರ ಗ್ರಾಫಿಕ್ಸ್ ಚಿಪ್ಪಿಗೆ ಇದ್ದ ಸ್ವಂತ ಮೆಮೊರಿಯೇ 256 ಎಂಬಿ.

ಆಗ ಹೊಳೆದ ದಾರಿ, ಚಿತ್ರ ಸಿದ್ಧವಾದ ಮೇಲೆ ಅಂಚು ಹುಡುಕಿ ತೇಪೆ ಹಾಕುವುದು. ಇಂಟೆಲ್‌ನ ಅಲೆಕ್ಸಾಂಡರ್ ರೆಶೆಟೊವ್ 2009ರಲ್ಲಿ ಎಂಎಲ್‌ಎಎ (ಮಾರ್ಫಲಾಜಿಕಲ್ ಆ್ಯಂಟಿ-ಅಲಿಯಾಸಿಂಗ್) ಎಂಬ ಇಂಥ ವಿಧಾನವನ್ನು ಪ್ರಕಟಿಸಿದ. ಮರುವರ್ಷವೇ ‘ಗಾಡ್ ಆಫ್ ವಾರ್ 3’ ಆ ಬಗೆಯ ವಿಧಾನವನ್ನು ಬಳಸಿತು. ಎನ್‌ವಿಡಿಯಾದ ಟಿಮೊಥಿ ಲಾಟ್ಸ್ ರೂಪಿಸಿದ ಎಫ್‌ಎಕ್ಸ್‌ಎಎ ಒಂದೇ ಶೇಡರಿನಲ್ಲಿ, ಅಂದರೆ ಗ್ರಾಫಿಕ್ಸ್ ಚಿಪ್ಪಿನ ಒಂದೇ ಕಿರು ಪ್ರೋಗ್ರಾಮಿನಲ್ಲಿ, ಮುಗಿಯುತ್ತಿದ್ದುದರಿಂದ ಎಲ್ಲೆಡೆ ಹಬ್ಬಿತು. ಅಗ್ಗ ಹೌದು. ಆದರೆ ಪಿಕ್ಸೆಲ್ಲಿಗಿಂತ ತೆಳುವಾದ ತಂತಿ ಚಿತ್ರದಲ್ಲಿ ತುಂಡಾಗಿದ್ದರೆ ಅದನ್ನು ಮರಳಿ ಜೋಡಿಸುವುದು ಇದರ ಕೈಲಾಗದ ಕೆಲಸ.

ಮುಂದಿನ ಸಾಲ ಕಾಲದಿಂದ. ಟಿಎಎಯಲ್ಲಿ, ಅಂದರೆ ಟೆಂಪೊರಲ್ ಆ್ಯಂಟಿ-ಅಲಿಯಾಸಿಂಗ್‌ನಲ್ಲಿ, ಕ್ಯಾಮೆರಾ ಪ್ರತಿ ಫ್ರೇಮಿಗೂ ಪಿಕ್ಸೆಲ್ಲಿಗಿಂತ ಕಡಿಮೆ ದೂರ ಅಲುಗುತ್ತದೆ. ಹೊಸ ಫ್ರೇಮಿನ ಸಣ್ಣ ಪಾಲು ಹಳೆಯ ಫ್ರೇಮ್‌ಗಳ ಮೊತ್ತಕ್ಕೆ ಬೆರೆಯುತ್ತದೆ. ವಸ್ತು ಚಲಿಸಿದರೆ ಹಳೆಯ ಬಣ್ಣ ಬಾಲದಂತೆ ಹಿಂದೆಯೇ ಎಳೆದುಕೊಂಡು ಬರುವುದು ಇದರ ರೋಗ. ಅನ್‌ರಿಯಲ್ ಎಂಜಿನ್ 4ರ ಬ್ರಯನ್ ಕಾರಿಸ್ 2014ರಲ್ಲಿ ವಿವರಿಸಿದ ಮದ್ದಿನಲ್ಲಿ, ಹಳೆಯ ಬಣ್ಣವನ್ನು ಸುತ್ತಲಿನ ಪಿಕ್ಸೆಲ್‌ಗಳ ಬಣ್ಣದ ಮಿತಿಯೊಳಗೆ ಕಟ್ಟಿಹಾಕಲಾಗುತ್ತದೆ. ಆದರೂ ಚಿತ್ರ ಮಸುಕಾಗುತ್ತದೆ ಎಂಬ ಆಟಗಾರರ ಗೊಣಗಾಟ ನಿಂತಿಲ್ಲ, ಅದರಲ್ಲಿ ನ್ಯಾಯವೂ ಇದೆ. ಎನ್‌ವಿಡಿಯಾದ 2020ರ ಡಿಎಲ್‌ಎಸ್‌ಎಸ್ 2.0 ಹಳೆಯದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನವನ್ನು ನ್ಯೂರಲ್ ನೆಟ್‌ವರ್ಕಿಗೆ ಒಪ್ಪಿಸಿ, ಕಡಿಮೆ ರೆಸಲ್ಯೂಷನ್ನಿನ ಚಿತ್ರವನ್ನು ಹಿಗ್ಗಿಸುವ ಕೆಲಸವನ್ನೂ ಜತೆಗೆ ಸೇರಿಸಿತು.

ಇತ್ತ ಮಲ್ಟಿಸ್ಯಾಂಪ್ಲಿಂಗ್ ಮೂಲೆಗುಂಪಾಗಿಲ್ಲ. ಫೋನುಗಳ ಚಿಪ್‌ಗಳು ಪರದೆಯನ್ನು ಚಿಕ್ಕ ಚಿಕ್ಕ ಟೈಲ್‌ಗಳಾಗಿ ಬಿಡಿಸುವುದರಿಂದ ಹೆಚ್ಚುವರಿ ಸ್ಯಾಂಪಲ್‌ಗಳು ಚಿಪ್ಪಿನೊಳಗೇ ಉಳಿಯುತ್ತವೆ, ಖರ್ಚು ತೀರಾ ಕಡಿಮೆ. ಕಣ್ಣಿಗೆ ಅಂಟಿಕೊಂಡಂತಿರುವ ವಿಆರ್ ಹೆಡ್‌ಸೆಟ್‌ಗಳಲ್ಲಂತೂ ಮಸುಕು ಸಹಿಸಲಸಾಧ್ಯ. ಗೇಮ್ ಕಂಪನಿ ವಾಲ್ವ್‌ನ ಅಲೆಕ್ಸ್ ವ್ಲಾಕೋಸ್ 2015ರಲ್ಲಿ ವಿಆರ್‌ಗೆ ಕನಿಷ್ಠ ನಾಲ್ಕು ಸ್ಯಾಂಪಲ್‌ಗಳ ಮಲ್ಟಿಸ್ಯಾಂಪ್ಲಿಂಗ್ ಬೇಕೆಂದ, ಅದೇ ಕಂಪನಿಯ 2020ರ ಗೇಮ್ ‘ಹಾಫ್-ಲೈಫ್: ಅಲಿಕ್ಸ್’ ಅದೇ ಹಳೆಯ ದಾರಿಯಲ್ಲಿ ಬಂತು.