ಇಪ್ಪತ್ತೇಳೂವರೆ ಪರ್ಸೆಂಟಿನ ಕತೆ: ಟೆಕ್ಸಸ್ಸಿನ ಎಣ್ಣೆ, ಚುನಾವಣೆಯ ಹಣ ಮತ್ತು ತೆರಿಗೆ



ಸಾಹಿತ್ಯದ ಸಮ್ಮೇಳನಕ್ಕೆ ಲೆಕ್ಕಪರಿಶೋಧಕನೊಬ್ಬನನ್ನು ಮಾತನಾಡಲು ಕರೆದಿದ್ದೀರಿ. ಇದು ಸಂಘಟಕರ ಧೈರ್ಯ. ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ ಈ ದೇಶಕ್ಕೆ ಬಂದು ಅಲೆನ್‌ನಲ್ಲಿ ನೆಲೆಸಿದ ನಾನು ಹಣದ ವಿಷಯ ಬಿಟ್ಟು ಬೇರೇನಾದರೂ ಹೇಳಿದರೆ ನೀವು ನಂಬುವುದೂ ಇಲ್ಲ. ಆದ್ದರಿಂದ ನನಗೆ ಗೊತ್ತಿರುವುದನ್ನೇ ಹೇಳುತ್ತೇನೆ.

ನಿನ್ನೆ ನಿಮ್ಮಲ್ಲಿ ಹಲವರು ಡಿ.ಎಫ್.ಡಬ್ಲ್ಯೂ. ವಿಮಾನ ನಿಲ್ದಾಣದಿಂದ 121ನೇ ಹೆದ್ದಾರಿ ಹಿಡಿದು ಇಲ್ಲಿಗೆ ಬಂದಿರಿ. ಆ ಸುಂಕದ ರಸ್ತೆಯ ಹೆಸರು ಸ್ಯಾಮ್ ರೇಬರ್ನ್ ಟೋಲ್‌ವೇ. ನಾನು ಅದರ ಮೇಲೆ ವರ್ಷಗಟ್ಟಲೆ ಓಡಾಡಿದ್ದೇನೆ, ತಿಂಗಳಾ ತಿಂಗಳು ಬಿಲ್ಲನ್ನೂ ಕಟ್ಟಿದ್ದೇನೆ. ಈ ರೇಬರ್ನ್ ಯಾರು ಎಂದು ಕೇಳಿಕೊಂಡದ್ದು ಮಾತ್ರ ಬಹಳ ತಡವಾಗಿ, ಮಗಳು ಶಾಲೆಯ ಟೆಕ್ಸಸ್ ಚರಿತ್ರೆಯ ಪಾಠಕ್ಕಾಗಿ ನನ್ನನ್ನು ಕೇಳಿದಾಗ.

ಸ್ಯಾಮ್ ರೇಬರ್ನ್ ನಮಗೆ ಈಶಾನ್ಯದಲ್ಲಿರುವ ಬಾನಮ್ ಎಂಬ ಊರಿನವರು. 1913ರಿಂದ 1961ರಲ್ಲಿ ತೀರಿಕೊಳ್ಳುವವರೆಗೆ ಈ ಭಾಗವನ್ನು ಅಮೆರಿಕದ ಕೆಳಮನೆಯಲ್ಲಿ ಪ್ರತಿನಿಧಿಸಿದರು. 1940ರಿಂದ ಮುಂದೆ, ನಡುವೆ ಎರಡು ಅವಧಿ ಬಿಟ್ಟರೆ, ಕೊನೆಯವರೆಗೂ ಸ್ಪೀಕರ್ ಆಗಿದ್ದರು. ಲಂಚ ಮುಟ್ಟದ ಮನುಷ್ಯ ಎಂದು ವಿರೋಧಿಗಳೂ ಒಪ್ಪುತ್ತಿದ್ದರು. ಸತ್ತಾಗ ಅವರ ಉಳಿತಾಯ ಸುಮಾರು 15,000 ಡಾಲರ್. ಹಾಗಿದ್ದೂ ಅಮೆರಿಕದ ತೆರಿಗೆ ಚರಿತ್ರೆಯ ಅತಿ ದೊಡ್ಡ ರಿಯಾಯಿತಿಗಳಲ್ಲಿ ಒಂದನ್ನು ಮೂರು ದಶಕ ಕಾವಲು ಕಾದವರಲ್ಲಿ ಅವರೇ ಮುಖ್ಯರು. ಪ್ರಾಮಾಣಿಕನೊಬ್ಬ ಹೀಗೇಕೆ ಮಾಡಿದ ಎಂಬುದೇ ಇಂದಿನ ನನ್ನ ಪ್ರಶ್ನೆ.

ಮೊದಲು ಆ ರಿಯಾಯಿತಿ ಏನೆಂದು ನೋಡೋಣ. ನಮ್ಮ ಮಂಡ್ಯದ ಕಡೆ ಆಲೆಮನೆ ನಡೆಸುವವರು ಎರಡು ಲಕ್ಷ ಕೊಟ್ಟು ಕಬ್ಬಿನ ಗಾಣ ಕೊಂಡರೆನ್ನಿ. ಗಾಣ ವರ್ಷಾ ವರ್ಷ ಸವೆಯುತ್ತದೆ. ಆ ಸವಕಳಿಯನ್ನು ಆದಾಯದಿಂದ ಕಳೆಯಲು ತೆರಿಗೆ ಕಾನೂನು ಬಿಡುತ್ತದೆ. ಎರಡು ಲಕ್ಷ ಪೂರ್ತಿ ಕಳೆದ ಮೇಲೆ ಮುಗಿಯಿತು. ಎಣ್ಣೆಬಾವಿಗೂ ಇದೇ ನ್ಯಾಯ ಸಲ್ಲಬೇಕು, ಏಕೆಂದರೆ ಬಾವಿಯೂ ಬರಿದಾಗುತ್ತದೆ. ಆದರೆ 1926ರಲ್ಲಿ ಅಮೆರಿಕದ ಸಂಸತ್ತು ಬೇರೆ ದಾರಿ ಹಿಡಿಯಿತು. ಬಾವಿಗೆ ಎಷ್ಟು ಖರ್ಚಾಯಿತು ಎಂಬುದು ಬೇಡ, ಎಣ್ಣೆ ಮಾರಿದ ಒಟ್ಟು ಹಣದಲ್ಲಿ ಶೇಕಡಾ 27.5ನ್ನು ಪ್ರತಿ ವರ್ಷ ಕಳೆದುಕೊಳ್ಳಿ ಎಂದಿತು. ನಿವ್ವಳ ಆದಾಯದ ಅರ್ಧವನ್ನು ಮೀರಬಾರದು ಎಂಬುದೊಂದೇ ಮಿತಿ. ಕೆಳಮನೆ 25 ಎಂದಿತ್ತು, ಸೆನೆಟ್ 30 ಎಂದಿತ್ತು. ನಡುವೆ ಗೆರೆ ಎಳೆದು ಇಪ್ಪತ್ತೇಳೂವರೆ ಮಾಡಿದರು. ಭೂಗರ್ಭಶಾಸ್ತ್ರಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ, ಅದು ಚೌಕಾಸಿಯ ಸಂಖ್ಯೆ.

ಒಂದು ಲಕ್ಷ ಡಾಲರಿನ ಬಾವಿಯಿಂದ ವರ್ಷಕ್ಕೆ ಒಂದು ಲಕ್ಷದ ಎಣ್ಣೆ ಬಂದರೆ ವರ್ಷಕ್ಕೆ 27,500 ಕಳೆಯಬಹುದು. ನಾಲ್ಕು ವರ್ಷಕ್ಕೆ 1,10,000 ಆಯಿತು. ಹಾಕಿದ ಬಂಡವಾಳಕ್ಕಿಂತ ಹೆಚ್ಚು ಸವೆದಾಯಿತು! ಆದರೂ ನಿಲ್ಲುವುದಿಲ್ಲ. ಎಣ್ಣೆ ಬರುವವರೆಗೂ ಸವಕಳಿ ಬರುತ್ತದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಇದನ್ನು ಟೀಕಿಸಿದರು. 1950ರಲ್ಲಿ ಟ್ರೂಮನ್ ಇನ್ನೂ ಕಟುವಾಗಿ ಟೀಕಿಸಿ ಇಳಿಸಬೇಕೆಂದು ಸಂಸತ್ತನ್ನು ಕೇಳಿದರು. ಏನೂ ಆಗಲಿಲ್ಲ. ತೆರಿಗೆ ಮಸೂದೆಗಳು ಹುಟ್ಟುವುದು ಕೆಳಮನೆಯ ‘ವೇಸ್ ಅಂಡ್ ಮೀನ್ಸ್’ ಸಮಿತಿಯಲ್ಲಿ. ಆ ಸಮಿತಿಗೆ ಸೇರಬಯಸುವ ತಮ್ಮ ಪಕ್ಷದವರನ್ನು ರೇಬರ್ನ್ ಮೊದಲೇ ವಿಚಾರಿಸುತ್ತಿದ್ದರು: ಎಣ್ಣೆಯ ಸವಕಳಿಯ ಬಗ್ಗೆ ನಿಮ್ಮ ನಿಲುವೇನು? ಉತ್ತರ ಹಿಡಿಸದಿದ್ದರೆ ಸಮಿತಿಯ ಬಾಗಿಲು ಮುಚ್ಚಿತು. ಸದನದಲ್ಲಿ ಚರ್ಚೆಯಾಗಿ ಸೋಲುವ ಮಾತು ಹಾಗಿರಲಿ, ಚರ್ಚೆಗೇ ಬರುತ್ತಿರಲಿಲ್ಲ.

ಇದರ ಹಿಂದೆ ತಮ್ಮ ರಾಜ್ಯದ ಹಿತ ಎಂಬ ನಂಬಿಕೆ ಇತ್ತು, ನಿಜ. ಟೆಕ್ಸಸ್ಸಿನ ಲಕ್ಷಾಂತರ ಜನ ಎಣ್ಣೆಯನ್ನು ನಂಬಿ ಬದುಕುತ್ತಿದ್ದರು. ಜೊತೆಗೆ ಇನ್ನೊಂದೂ ಇತ್ತು. ಅದನ್ನು ನೋಡಲು ಆಸ್ಟಿನ್‌ಗೆ ಹೋಗಬೇಕು.

ಆಸ್ಟಿನ್‌ನ ಗೆಳೆಯರು ಬೇಸಿಗೆಯಲ್ಲಿ ದೋಣಿ ಬಿಡುವ ಟ್ರಾವಿಸ್ ಸರೋವರ ಹುಟ್ಟಿದ್ದು ಮಾರ್ಷಲ್ ಫೋರ್ಡ್ ಅಣೆಕಟ್ಟಿನಿಂದ. ಇಂದು ಅದನ್ನು ಮ್ಯಾನ್ಸ್‌ಫೀಲ್ಡ್ ಅಣೆಕಟ್ಟು ಎನ್ನುತ್ತಾರೆ. ಕಟ್ಟುವ ಗುತ್ತಿಗೆ ಹರ್ಮನ್ ಮತ್ತು ಜಾರ್ಜ್ ಬ್ರೌನ್ ಸೋದರರ ‘ಬ್ರೌನ್ ಅಂಡ್ ರೂಟ್’ ಕಂಪನಿಯದು. ಬ್ರೌನ್ ಸೋದರರು ಯಂತ್ರಗಳಿಗೆ ಸಾಲ ಮಾಡಿ ದುಡ್ಡು ಸುರಿದ ಹೊತ್ತಿಗೆ, ಯೋಜನೆಗೆ ಸಂಸತ್ತಿನ ಅನುಮೋದನೆಯಾಗಲೀ ಜಾಗಕ್ಕೆ ಕೇಂದ್ರ ಸರಕಾರದ ಒಡೆತನವಾಗಲೀ ಇರಲಿಲ್ಲ. 1937ರ ಏಪ್ರಿಲ್‌ನಲ್ಲಿ ಉಪಚುನಾವಣೆ ಗೆದ್ದು ವಾಷಿಂಗ್ಟನ್‌ಗೆ ಹೋದ ಇಪ್ಪತ್ತೆಂಟು ವರ್ಷದ ತರುಣ ಲಿಂಡನ್ ಜಾನ್ಸನ್ ಆ ಗಂಟನ್ನು ಬಿಡಿಸಿಕೊಟ್ಟರು. ಬ್ರೌನ್ ಸೋದರರು ಆ ಋಣವನ್ನು ಮರೆಯಲಿಲ್ಲ.

ಕಂಪನಿಗಳು ಕೇಂದ್ರದ ಚುನಾವಣೆಗಳಿಗೆ ಹಣ ಕೊಡುವುದನ್ನು 1907ರ ಟಿಲ್‌ಮನ್ ಕಾಯಿದೆ ನಿಷೇಧಿಸಿತ್ತು. ಹಾಗಾದರೆ 1941ರಲ್ಲಿ ಜಾನ್ಸನ್ ಸೆನೆಟ್‌ಗೆ ನಿಂತಾಗ ಹಣ ಹೋದದ್ದು ಹೇಗೆ? ರಾಬರ್ಟ್ ಕೇರೋ 1982ರಲ್ಲಿ ಪ್ರಕಟಿಸಿದ ಜಾನ್ಸನ್ ಜೀವನಚರಿತ್ರೆಯ ಮೊದಲ ಸಂಪುಟದಲ್ಲಿ ಇದರ ವಿವರವಿದೆ. ಕಂಪನಿ ತನ್ನ ಅಧಿಕಾರಿಗಳಿಗೆ ಬೋನಸ್ ಎಂದೂ ವಕೀಲರಿಗೆ ಶುಲ್ಕವೆಂದೂ ಬರೆಯಿತು. ಅದು ಅವರ ಕೈಯಿಂದ ಪ್ರಚಾರಕ್ಕೆ ಹರಿಯಿತು. ಬೋನಸ್ ವ್ಯಾಪಾರದ ಖರ್ಚಲ್ಲವೇ, ಆದ್ದರಿಂದ ತೆರಿಗೆಯಲ್ಲೂ ಕಳೆದುಕೊಂಡರು. ಅಂದರೆ ಆ ಪ್ರಚಾರದ ಖರ್ಚಿನಲ್ಲಿ ಒಂದು ಪಾಲನ್ನು ಉಳಿದ ತೆರಿಗೆದಾರರು ಭರಿಸಿದಂತಾಯಿತು. ತೆರಿಗೆ ಇಲಾಖೆಯವರು 1942ರಲ್ಲಿ ಲೆಕ್ಕ ತೆಗೆದರು. ಬಾಕಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಎಂದರು. 1944ರಲ್ಲಿ ಶ್ವೇತಭವನದವರೆಗೆ ಮಾತು ಹೋದ ಮೇಲೆ ಪ್ರಕರಣ 3,72,000 ಡಾಲರಿಗೆ ಮುಗಿಯಿತು. ಯಾರ ಮೇಲೂ ಮೊಕದ್ದಮೆ ಆಗಲಿಲ್ಲ.

ಹ್ಯೂಸ್ಟನ್‌ನಲ್ಲಿ ಲಮಾರ್ ಹೋಟೆಲ್ ಎಂದಿತ್ತು. ಅದರ 8ಎಫ್ ಕೋಣೆಯಲ್ಲಿ ಬ್ರೌನ್ ಸೋದರರು, ಎಣ್ಣೆ, ವಿಮೆ, ಬ್ಯಾಂಕಿನ ಯಜಮಾನರು ಸೇರುತ್ತಿದ್ದರು. ಯಾರನ್ನು ನಿಲ್ಲಿಸಬೇಕು, ಯಾರಿಗೆ ಹಣ ಕೊಡಬೇಕು ಎಂಬ ಮಾತು ಇಸ್ಪೀಟಿನ ಮೇಜಿನ ಸುತ್ತ ಆಗುತ್ತಿತ್ತು. ಡಲ್ಲಾಸ್‌ನಲ್ಲಿ ಎಚ್. ಎಲ್. ಹಂಟ್, ಕ್ಲಿಂಟ್ ಮರ್ಚಿಸನ್ ಅವರಂಥ ಎಣ್ಣೆ ಕುಬೇರರು ಇದ್ದರು. ರೇಬರ್ನ್ ಸ್ವತಃ ಹಣ ಮುಟ್ಟಲಿಲ್ಲ. ಆದರೆ ಅವರ ಪಕ್ಷದ ಅಭ್ಯರ್ಥಿಗಳಿಗೆ ಚುನಾವಣೆಯ ಖರ್ಚು ಬರುತ್ತಿದ್ದ ದೊಡ್ಡ ಬಾವಿಗಳಲ್ಲಿ ಟೆಕ್ಸಸ್ ಒಂದಾಗಿತ್ತು. ಬಾವಿಗೆ ಕಲ್ಲು ಹಾಕಲು ಯಾರೂ ಮುಂದಾಗಲಿಲ್ಲ.

ಒಮ್ಮೆ ಮಾತ್ರ ಲೆಕ್ಕ ತಪ್ಪಿತು. 1956ರ ಫೆಬ್ರವರಿಯಲ್ಲಿ ನೈಸರ್ಗಿಕ ಅನಿಲದ ಬೆಲೆಯನ್ನು ಕೇಂದ್ರದ ಹಿಡಿತದಿಂದ ಬಿಡಿಸುವ ಮಸೂದೆ ಸೆನೆಟ್ ಮುಂದಿತ್ತು. ದಕ್ಷಿಣ ಡಕೋಟದ ಸೆನೆಟರ್ ಫ್ರಾನ್ಸಿಸ್ ಕೇಸ್ ಎದ್ದು ನಿಂತು, ಎಣ್ಣೆ ಕಂಪನಿಯ ವಕೀಲನೊಬ್ಬ ತಮ್ಮ ಪ್ರಚಾರಕ್ಕೆಂದು 2,500 ಡಾಲರ್ ನಗದು ಬಿಟ್ಟುಹೋಗಿದ್ದಾನೆ, ಆದ್ದರಿಂದ ಮಸೂದೆಯ ವಿರುದ್ಧ ಮತ ಹಾಕುತ್ತೇನೆ ಎಂದರು. ಮಸೂದೆ ಪಾಸಾಯಿತು. ಆದರೆ ಅದರ ಉದ್ದೇಶವನ್ನು ಒಪ್ಪಿದ್ದ ಅಧ್ಯಕ್ಷ ಐಸೆನ್‌ಹೋವರ್ ಈ ಹಗರಣದ ಕಾರಣಕ್ಕೇ ವೀಟೊ ಹಾಕಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಇಪ್ಪತ್ತೇಳೂವರೆ ಇಳಿದದ್ದು 1969ರಲ್ಲಿ, ಶೇಕಡಾ 22ಕ್ಕೆ. ಎಣ್ಣೆಯ ಬೆಲೆ ಏರಿ ಜನ ರೊಚ್ಚಿಗೆದ್ದ ಮೇಲೆ, 1975ರಲ್ಲಿ, ದೊಡ್ಡ ಕಂಪನಿಗಳಿಗೆ ಅದು ತಪ್ಪಿತು. ಸಣ್ಣ ಉತ್ಪಾದಕರಿಗೆ ಶೇಕಡಾ 15 ಇಂದಿಗೂ ಇದೆ.

ನಮ್ಮ ನಾಡಿನ ಕತೆ ಬೇರೆಯೇನಲ್ಲ. 1957ರಲ್ಲಿ ಟಾಟಾ ಉಕ್ಕಿನ ಕಂಪನಿ ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅನುಮತಿ ಕೇಳಿದಾಗ, ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಚಾಗ್ಲಾ ಅವರು ಕಾನೂನಿನಂತೆ ಒಪ್ಪಿಗೆ ಕೊಟ್ಟರು, ಪ್ರಜಾಪ್ರಭುತ್ವಕ್ಕೆ ಇದರಿಂದ ಅಪಾಯವಿದೆ ಎಂದೂ ಎಚ್ಚರಿಸಿದರು. 1969ರಲ್ಲಿ ಕಂಪನಿ ದೇಣಿಗೆಯನ್ನೇ ನಿಷೇಧಿಸಲಾಯಿತು. ಆಗ ಪಕ್ಷಗಳು ಸ್ಮರಣ ಸಂಚಿಕೆ ಹೊರತಂದವು, ಕಂಪನಿಗಳು ಜಾಹೀರಾತು ಕೊಟ್ಟವು! ಅದನ್ನು ತಡೆಯಲು ಆದಾಯ ತೆರಿಗೆ ಕಾಯಿದೆಗೆ 37(2ಬಿ) ಎಂಬ ಉಪವಿಧಿ ಸೇರಿತು. ನಾನು ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ಅಂಥದೊಂದು ವೋಚರ್ ಕಣ್ಣಿಗೆ ಬಿತ್ತು. ನಮ್ಮ ಪ್ರಿನ್ಸಿಪಾಲರು ಪೆನ್ಸಿಲಿನಲ್ಲಿ ಗುರುತು ಹಾಕಿ, “ಆದಾಯಕ್ಕೆ ವಾಪಸ್ ಸೇರಿಸಪ್ಪಾ” ಎಂದರು. “ಯಾಕೆ ಕೊಟ್ಟರು ಸರ್?” ಎಂದೆ. “ಅದು ಆಡಿಟ್ ಪ್ರಶ್ನೆ ಅಲ್ಲ” ಎಂದರು.

1985ರಲ್ಲಿ ನಿಷೇಧ ಹೋಗಿ ಮಿತಿ ಬಂತು. 2013ರ ಕಂಪನಿ ಕಾಯಿದೆಯ 182ನೇ ವಿಧಿಯಂತೆ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇಕಡಾ 7.5ರವರೆಗೆ ಕೊಡಬಹುದಿತ್ತು, ಪಕ್ಷದ ಹೆಸರನ್ನು ಲಾಭನಷ್ಟದ ಪಟ್ಟಿಯಲ್ಲಿ ತೋರಿಸಬೇಕಿತ್ತು. 2017ರ ಹಣಕಾಸು ಕಾಯಿದೆ ಎರಡನ್ನೂ ತೆಗೆದುಹಾಕಿತು. ಮಿತಿ ಹೋಯಿತು, ಪಕ್ಷದ ಹೆಸರು ಹೋಯಿತು, ಮೊತ್ತ ಮಾತ್ರ ಉಳಿಯಿತು. ನಷ್ಟದಲ್ಲಿರುವ ಕಂಪನಿಯೂ ಕೊಡಬಹುದಾಯಿತು. 2018ರ ಜನವರಿಯಲ್ಲಿ ಚುನಾವಣಾ ಬಾಂಡ್ ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಇಡೀ ಯೋಜನೆಯನ್ನು ಅಸಂವಿಧಾನಿಕ ಎಂದು ರದ್ದು ಮಾಡಿತು. ಅದಕ್ಕೆ ಹಿಂದೆಯೇ ಕೊಟ್ಟವರ ಹೆಸರನ್ನು ಚುನಾವಣಾ ಆಯೋಗಕ್ಕೆ ತಿಳಿಸಿದ್ದ ಕೆಲವೇ ಪಕ್ಷಗಳಲ್ಲಿ ನಮ್ಮ ಕರ್ನಾಟಕದ ಜಾತ್ಯತೀತ ಜನತಾದಳವೂ ಒಂದು.

ಅಮೆರಿಕದಲ್ಲಿ ಗಾಳಿ ಇನ್ನೊಂದು ದಿಕ್ಕಿಗೆ ಬೀಸಿತು. 2010ರ ‘ಸಿಟಿಜನ್ಸ್ ಯುನೈಟೆಡ್’ ತೀರ್ಪಿನ ನಂತರ, ಅಭ್ಯರ್ಥಿಯ ಕೈಗೆ ನೇರವಾಗಿ ಕೊಡದಿದ್ದರೆ ಸರಿ, ಕಂಪನಿಗಳು ಪ್ರಚಾರಕ್ಕೆ ಎಷ್ಟಾದರೂ ಸುರಿಯಬಹುದು. ಟೆಕ್ಸಸ್ಸಿನಲ್ಲಿ ಆದಾಯ ತೆರಿಗೆ ಇಲ್ಲವೆಂದು ನಾವೆಲ್ಲ ಸಂತೋಷಪಡುತ್ತೇವೆ. ಮನೆಯ ತೆರಿಗೆಯ ಚೀಟಿ ಬಂದಾಗ ಎದೆ ಹಿಡಿದುಕೊಳ್ಳುತ್ತೇವೆ. ಅದರಲ್ಲಿ ದೊಡ್ಡ ಪಾಲು ಶಾಲೆಗಳದು. 2001ರಿಂದ 2022ರವರೆಗೆ ‘313ನೇ ಅಧ್ಯಾಯ’ ಎಂಬ ಕಾನೂನು ದೊಡ್ಡ ಕಾರ್ಖಾನೆಗಳಿಗೆ ಹತ್ತು ವರ್ಷ ಶಾಲಾ ತೆರಿಗೆಯಲ್ಲಿ ಭಾರಿ ರಿಯಾಯಿತಿ ಕೊಟ್ಟಿತ್ತು. ಅದು ಮುಗಿದ ಮರುವರ್ಷವೇ ಬೇರೆ ಹೆಸರಿನಲ್ಲಿ ಅಂಥದೇ ಇನ್ನೊಂದು ಬಂತು. ಕಾರ್ಖಾನೆಗಳಿಂದ ಕೆಲಸ ಬರುತ್ತದೆ, ಒಪ್ಪುತ್ತೇನೆ. ಆದರೆ ಶಾಸನಸಭೆಯ ಮೊಗಸಾಲೆಯಲ್ಲಿ ಕಂಪನಿಗಳ ಪರ ಮಾತನಾಡಲು ಸಂಬಳದ ಜನರಿದ್ದಾರೆ. ನನ್ನ ನಿಮ್ಮ ಪರ ಯಾರಿದ್ದಾರೆ?

ಕೊನೆಗೆ ನಮ್ಮದೇ ಮನೆಯ ಮಾತು. ಕೆಲವು ವರ್ಷಗಳ ಹಿಂದೆ ನಾನು ಇಲ್ಲಿನ ಒಂದು ಕನ್ನಡ ಕೂಟದ ಖಜಾಂಚಿಯಾಗಿದ್ದೆ. ಯುಗಾದಿ ಕಾರ್ಯಕ್ರಮದ ಪ್ರಾಯೋಜಕರೊಬ್ಬರು ದೊಡ್ಡ ಚೆಕ್ ಕೊಟ್ಟು, ತಮಗೆ ಬೇಕಾದ ಅಭ್ಯರ್ಥಿಗೆ ವೇದಿಕೆಯಲ್ಲಿ ಹತ್ತು ನಿಮಿಷ ಮತ ಕೇಳಲು ಬಿಡಿ ಎಂದರು. ಸಭಾಂಗಣದ ಬಾಡಿಗೆ ಕಟ್ಟಲು ಹಣ ಸಾಲದ ವರ್ಷ ಅದು. ನಾನೇ ಮೊದಲು, “ಹತ್ತು ನಿಮಿಷ ತಾನೇ” ಎಂದವನು. ನಮ್ಮಂಥ ದತ್ತಿ ಸಂಸ್ಥೆಗಳು ಅಭ್ಯರ್ಥಿಗಳ ಪರ ಪ್ರಚಾರ ಮಾಡುವಂತಿಲ್ಲ ಎಂದು ನೆನಪಿಸಿದವರು ಸಮಿತಿಯ ಹಿರಿಯರೊಬ್ಬರು, ಸಿ.ಎ. ಆದ ನಾನಲ್ಲ. ನಾಚಿಕೆಯಾಯಿತು. ಚೆಕ್ ಹಿಂದಿರುಗಿಸಿದೆವು. ಸದಸ್ಯರು ತಲೆಗೆ ಇಪ್ಪತ್ತು ಡಾಲರ್ ಹೆಚ್ಚು ಕೊಟ್ಟರು. ಆ ನಿರ್ಬಂಧವನ್ನು 1954ರಲ್ಲಿ ಕಾನೂನಿಗೆ ಸೇರಿಸಿದ ಸೆನೆಟರ್ ಯಾರು ಗೊತ್ತೇ? ಅದೇ ಲಿಂಡನ್ ಜಾನ್ಸನ್!

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಬೊಕ್ಕಸ ಬರಿದಾಗುತ್ತಿದೆ ಎಂದು ದೂರು ಹೋಗಿ, ಎಣಿಸಿ ನೋಡಿದಾಗ ಲೆಕ್ಕ ಸರಿಯಾಗಿತ್ತು ಎಂಬ ಕತೆ ನಮಗೆಲ್ಲ ಗೊತ್ತು. ಇಪ್ಪತ್ತು ವರ್ಷಗಳಿಂದ ನಾನು ಮಾಡುತ್ತಿರುವುದೂ ಅಂಥ ಎಣಿಕೆಯನ್ನೇ. ಆದರೆ ಇಪ್ಪತ್ತೇಳೂವರೆ ಕಳೆದುಕೊಂಡ ಕಂಪನಿಗಳ ಲೆಕ್ಕವೂ ಸರಿಯಾಗಿಯೇ ಇತ್ತು. ರೇಬರ್ನ್ ಅವರ ಕೈಯೂ ಶುದ್ಧವಾಗಿತ್ತು. ಲೆಕ್ಕ ಕಾನೂನಿಗೆ ಹೊಂದುತ್ತದೆಯೇ ಎಂದು ಮಾತ್ರ ನಾವು ಲೆಕ್ಕಿಗರು ನೋಡುತ್ತೇವೆ. ಕಾನೂನು ಯಾರ ಖರ್ಚಿನಲ್ಲಿ ಹುಟ್ಟಿತು ಎಂಬುದು ನಮ್ಮ ಆಡಿಟ್ ಪ್ರಶ್ನೆ ಅಲ್ಲ. ಅದು ಮತದಾರರ ಪ್ರಶ್ನೆ. ನಮ್ಮಲ್ಲಿ ಬಹಳ ಜನ ಈಗ ಇಲ್ಲಿನ ಪ್ರಜೆಗಳು, ನಮ್ಮ ಮಕ್ಕಳು ಹುಟ್ಟಿನಿಂದಲೇ ಪ್ರಜೆಗಳು. ಸಂಜೆ ವಾಪಸ್ ಹೋಗುವಾಗ ಆ ಸುಂಕದ ರಸ್ತೆಯ ಫಲಕ ಕಂಡರೆ, ಪಕ್ಕದಲ್ಲಿ ಕೂತ ಮಕ್ಕಳಿಗೆ ಈ ಕತೆಯನ್ನು ಹೇಳಿ.