ಒದ್ದೆ ಬಟ್ಟೆಯ ವಿದ್ಯೆ: ಕಾರಿನೊಳಗೆ ಪೆಟ್ರೋಲ್ ಕುದಿದ ಚರಿತ್ರೆ

ಎಪ್ಪತ್ತು, ಎಂಬತ್ತರ ದಶಕಗಳ ಬೇಸಿಗೆಯಲ್ಲಿ ಮುಂಬಯಿಯಿಂದ ಪುಣೆಗೆ ಹೊರಟವರಿಗೆ ಖಂಡಾಲಾ ಘಾಟಿಯಲ್ಲಿ ಬಾನೆಟ್ ತೆರೆದು ನಿಂತ ಕಾರುಗಳು ಹೊಸತಲ್ಲ. ಅವುಗಳಲ್ಲಿ ಕೆಲವು ರೇಡಿಯೇಟರ್ ಕುದಿದು ನಿಂತವು. ಇನ್ನು ಕೆಲವದರ ಸಂಕಟ ಬೇರೆ. ರೇಡಿಯೇಟರಿನಲ್ಲಿ ನೀರಿದೆ, ಟ್ಯಾಂಕಿನಲ್ಲಿ ಪೆಟ್ರೋಲಿದೆ, ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆ. ಆದರೂ ಎಂಜಿನ್ ನಾಲ್ಕು ಸಲ ಕೆಮ್ಮಿ ಸುಮ್ಮನಾಗಿದೆ. ಚಾಲಕ ಗಾಬರಿಯಾಗುತ್ತಿರಲಿಲ್ಲ. ಹಳೆಯ ಪಂಚೆಯ ತುಂಡೊಂದನ್ನು ನೀರಿನಲ್ಲಿ ಅದ್ದಿ ಪೆಟ್ರೋಲ್ ಪಂಪಿನ ಮೇಲೆ ಸುತ್ತಿ, ಚಹಾ ಕುಡಿದು ಬರುತ್ತಿದ್ದ. ಅಷ್ಟರಲ್ಲಿ ಕಾರು ಸ್ಟಾರ್ಟ್ ಆಗುತ್ತಿತ್ತು.

ಗ್ಯಾರೇಜಿನವರು ಇದನ್ನು ‘ಏರ್ ಲಾಕ್’ ಅನ್ನುತ್ತಿದ್ದರು. ಎಂಜಿನಿಯರುಗಳ ಪುಸ್ತಕದಲ್ಲಿ ಇದರ ಹೆಸರು ‘ವೇಪರ್ ಲಾಕ್’. ಎರಡನೆಯದೇ ಸರಿ, ಏಕೆಂದರೆ ಪೈಪಿನಲ್ಲಿ ಸಿಕ್ಕಿಕೊಂಡದ್ದು ಗಾಳಿಯಲ್ಲ, ಪೆಟ್ರೋಲಿನದೇ ಆವಿ. ಈ ತೊಂದರೆಯ ಚರಿತ್ರೆ ಒಂದು ಬಿಡಿಭಾಗದ ಚರಿತ್ರೆಯಷ್ಟೇ ಅಲ್ಲ. ಕಾರು ಮಾಡುವವರು, ಪೆಟ್ರೋಲ್ ಮಾಡುವವರು ಮತ್ತು ಊರಿನ ಹವೆ, ಈ ಮೂವರ ನಡುವೆ ಬರೆದಿಡದ ಒಂದು ಒಪ್ಪಂದವಿದೆ. ಅದು ಮುರಿದಾಗಲೆಲ್ಲ ರಸ್ತೆ ಬದಿಯಲ್ಲಿ ನಿಂತವನು ಕಾರಿನ ಮಾಲೀಕ. ಆ ಒಪ್ಪಂದ ಈಗ ಇನ್ನೊಮ್ಮೆ ಬದಲಾಗುತ್ತಿದೆ.

ಕುದಿಯುವುದು ಎಲ್ಲಿ?

ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ ಎಂದು ಹೇಳಬಹುದು. ಪೆಟ್ರೋಲಿಗೆ ಹಾಗೆ ಒಂದೇ ಅಂಕಿ ಹೇಳಲು ಬರುವುದಿಲ್ಲ. ಅದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಹಗುರವಾದವು 30 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ, ಭಾರವಾದವು 200 ಡಿಗ್ರಿಯ ಹತ್ತಿರಕ್ಕೆ ಹೋಗುತ್ತವೆ. ಚಳಿಯ ಮುಂಜಾನೆ ಎಂಜಿನ್ ಹತ್ತಿಕೊಳ್ಳಲು ಹಗುರ ಅಂಶ ಬೇಕೇ ಬೇಕು. ಬಿಸಿಲಿನ ಮಧ್ಯಾಹ್ನ ಕಾಟ ಕೊಡುವುದೂ ಅದೇ.

ಹಳೆಯ ಕಾರುಗಳಲ್ಲಿ ಟ್ಯಾಂಕ್ ಹಿಂದೆ, ಪಂಪ್ ಮುಂದೆ, ಎಂಜಿನ್ನಿನ ಮೈಗೆ ಅಂಟಿಕೊಂಡೇ. ಪಂಪ್ ಪೆಟ್ರೋಲನ್ನು ಅಷ್ಟು ದೂರದಿಂದ ಹೀರಿಕೊಳ್ಳಬೇಕು. ಹೀರುವಾಗ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ, ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ. ಜೊತೆಗೆ ಎಂಜಿನ್ನಿನ ಕಾವು. ಪೈಪಿನಲ್ಲಿ ಗುಳ್ಳೆ ಹುಟ್ಟಲು ಇಷ್ಟು ಸಾಕು. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿಯಲು ಹೋದರೆ ಏನಾಗುತ್ತದೋ ಪಂಪಿಗೂ ಅದೇ ಆಗುತ್ತದೆ. ಅದು ಎಳೆದಷ್ಟೂ ಆವಿ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ, ದ್ರವ ಮಾತ್ರ ಮುಂದೆ ಹೋಗುವುದಿಲ್ಲ.

ಘಟ್ಟದ ರಸ್ತೆಯಲ್ಲಿ ಎಲ್ಲ ಕೇಡೂ ಒಟ್ಟಿಗೆ ಸೇರುತ್ತವೆ. ಕೆಳಗಿನ ಗೇರಿನಲ್ಲಿ ಎಂಜಿನ್ ದುಡಿಯುತ್ತದೆ, ಕಾರು ನಿಧಾನವಾದ್ದರಿಂದ ಬಾನೆಟ್ಟಿನೊಳಗೆ ಗಾಳಿ ಸಾಲದು, ಮೇಲೇರಿದಂತೆ ವಾತಾವರಣದ ಒತ್ತಡವೂ ಕಡಿಮೆ. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಿ 2,240 ಮೀಟರ್ ಎತ್ತರದ ಊಟಿ ಮುಟ್ಟುವಷ್ಟರಲ್ಲಿ, ಸಮುದ್ರಮಟ್ಟದಲ್ಲಿ ಇರುವ ಒತ್ತಡದ ಸುಮಾರು ಕಾಲುಭಾಗ ಇಲ್ಲವಾಗಿರುತ್ತದೆ.

ಇದರ ಜೊತೆಗೆ ಇನ್ನೊಂದು ತೊಂದರೆಯೂ ಉಂಟು. ಓಡುತ್ತಿದ್ದ ಕಾರನ್ನು ನಿಲ್ಲಿಸಿ ಎಂಜಿನ್ ಆರಿಸಿದ ಕ್ಷಣ ಫ್ಯಾನೂ ನಿಲ್ಲುತ್ತದೆ, ನೀರಿನ ಹರಿವೂ ನಿಲ್ಲುತ್ತದೆ. ಕಬ್ಬಿಣದೊಳಗಿನ ಕಾವು ಮೇಲೇರಿ ಕಾರ್ಬ್ಯುರೇಟರಿಗೆ ತಟ್ಟುತ್ತದೆ. ಅದರ ಬಟ್ಟಲಿನ ಪೆಟ್ರೋಲ್ ಹಾಲಿನಂತೆ ಉಕ್ಕಿ ಎಂಜಿನ್ನಿನೊಳಗೆ ಸುರಿಯುತ್ತದೆ. ಮೊದಲನೆಯದರಲ್ಲಿ ಎಂಜಿನ್ ಹಸಿದು ನಿಂತರೆ, ಎರಡನೆಯದರಲ್ಲಿ ಅಜೀರ್ಣವಾಗಿ ನಿಲ್ಲುತ್ತದೆ. ಎರಡಕ್ಕೂ ಮದ್ದು ಒಂದೇ ಎಂದು ತಿಳಿದವರು ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತಿದ್ದರು.

ಕಾವನ್ನು ಬೇಡಿ ತಂದ ಕಾಲ

ಮೊದಲ ಕಾರುಗಳಲ್ಲಿ ಈ ತಾಪತ್ರಯ ಕಡಿಮೆ ಇತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪಂಪೇ ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಹೀರುವ ಕೆಲಸವಿಲ್ಲದ ಕಡೆ ಒತ್ತಡ ಬೀಳುವ ಮಾತೂ ಇಲ್ಲ. ಅದರ ಫಜೀತಿ ಬೇರೆಯದು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ ಕಡಿದಾದ ಏರು ಬಂದರೆ ಪೆಟ್ರೋಲ್ ಎಂಜಿನ್ ತಲುಪುತ್ತಿರಲಿಲ್ಲ. ಆಗ ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತಿಸುತ್ತಿದ್ದರು.

ಕಾರುಗಳು ಹೆಚ್ಚಿದಂತೆ ಪೆಟ್ರೋಲಿನ ಬೇಡಿಕೆಯೂ ಹೆಚ್ಚಿತು. ಬೇಡಿಕೆ ಪೂರೈಸಲು ರಿಫೈನರಿಗಳು ಭಾರವಾದ ಅಂಶವನ್ನೂ ಸೇರಿಸಿ ಮಾರತೊಡಗಿದವು. ಅದು ಸುಲಭವಾಗಿ ಆವಿಯಾಗುತ್ತಿರಲಿಲ್ಲ. ಹಾಗಾಗಿ ಎಂಜಿನಿಯರುಗಳು ಎಕ್ಸಾಸ್ಟಿನ ಬಿಸಿಯನ್ನು ಬೇಕೆಂದೇ ಕಾರ್ಬ್ಯುರೇಟರಿನ ಬುಡಕ್ಕೆ ತಂದರು. ಒಳಹೋಗುವ ಮತ್ತು ಹೊರಬರುವ ಮ್ಯಾನಿಫೋಲ್ಡುಗಳನ್ನು ಒಂದರ ಮೇಲೊಂದು ಕೂರಿಸಿದರು. ತಣ್ಣನೆಯ ದೇಶಗಳಿಗೆ, ಭಾರದ ಪೆಟ್ರೋಲಿಗೆ ಅದು ಜಾಣ ಉಪಾಯವೇ ಆಗಿತ್ತು.

ಆದರೆ ಪೆಟ್ರೋಲ್ ಹಾಗೆಯೇ ಉಳಿಯಲಿಲ್ಲ. ವಿಲಿಯಂ ಬರ್ಟನ್ 1913ರಲ್ಲಿ ಪೇಟೆಂಟ್ ಪಡೆದ ಕ್ರ್ಯಾಕಿಂಗ್ ವಿಧಾನ ಭಾರದ ಎಣ್ಣೆಯನ್ನು ಒಡೆದು ಹಗುರ ಮಾಡುವ ದಾರಿ ತೋರಿಸಿತು. ನೈಸರ್ಗಿಕ ಅನಿಲದಿಂದ ಹಿಂಡಿ ತೆಗೆದ ಬಹಳ ಹಗುರವಾದ ದ್ರವವೂ ಪೆಟ್ರೋಲಿಗೆ ಸೇರತೊಡಗಿತು. ಭಾರದ ಪೆಟ್ರೋಲಿಗೆಂದು ಕಾವನ್ನು ಕರೆತಂದಿದ್ದ ಎಂಜಿನ್ನಿಗೆ ಈಗ ಹಗುರದ ಪೆಟ್ರೋಲ್ ಬಂದು ಸೇರಿತು. ಇಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಟ್ಯಾಂಕ್ ಹಿಂದಕ್ಕೆ ಹೋಗಿ, ಎಂಜಿನ್ನಿನಿಂದಲೇ ನಡೆಯುವ ಡಯಾಫ್ರಂ ಪಂಪ್ ಮುಂದೆ ಬಂತು. ಒಪ್ಪಂದ ಮೊದಲ ಬಾರಿ ಮುರಿದದ್ದು ಇಲ್ಲಿ.

1932ರ ಫೋರ್ಡ್ ವಿ-8 ಇದಕ್ಕೆ ಒಳ್ಳೆಯ ಉದಾಹರಣೆ. ಸಾಮಾನ್ಯರ ಕೈಗೆಟುಕುವ ಬೆಲೆಗೆ ಎಂಟು ಸಿಲಿಂಡರ್ ಕೊಟ್ಟ ಎಂಜಿನ್ ಅದು. ಅದರಲ್ಲಿ ಎಕ್ಸಾಸ್ಟಿನ ಬಿಸಿ ಹೊಗೆ ಎಂಜಿನ್ ಬ್ಲಾಕಿನ ಒಳಗಿಂದಲೇ ಹಾದು ಪಕ್ಕಕ್ಕೆ ಬರುತ್ತಿತ್ತು. ಪೆಟ್ರೋಲ್ ಪಂಪ್ ಎಂಜಿನ್ನಿನ ನೆತ್ತಿಯ ಮೇಲೆ, ಕಾರ್ಬ್ಯುರೇಟರಿನ ಹಿಂದೆ ಇತ್ತು. ಬೇಸಿಗೆಯಲ್ಲಿ ಅದು ಒಲೆಯ ಮೇಲಿಟ್ಟ ಪಾತ್ರೆಯಂತೆ. ಅಮೆರಿಕದ ಚಾಲಕರು ಬಟ್ಟೆ ಒಣಗಿಸುವ ಮರದ ಕ್ಲಿಪ್ಪುಗಳನ್ನು ಪೆಟ್ರೋಲ್ ಪೈಪಿಗೆ ಸಾಲಾಗಿ ಸಿಕ್ಕಿಸುವ ರೂಢಿ ಮಾಡಿಕೊಂಡರು. ಮರ ಕಾವನ್ನು ಎಳೆದು ಹೊರಹಾಕುವ ವಸ್ತುವಲ್ಲ. ಕ್ಲಿಪ್ಪು ಸಿಕ್ಕಿಸುತ್ತ ಕಳೆದ ಹೊತ್ತಿನಲ್ಲಿ ಎಂಜಿನ್ ತಣಿದದ್ದೇ ನಿಜವಾದ ಮದ್ದಾಗಿರಬೇಕು. ಆದರೂ ಆ ನಂಬಿಕೆ ಇಂದಿಗೂ ಹಳೆಯ ಕಾರಿನವರ ನಡುವೆ ಉಳಿದಿದೆ.

ಅಂಬಾಸಡರ್, ಪದ್ಮಿನಿ ಮತ್ತು ಹೂಜಿಯ ನೀರು

ಭಾರತಕ್ಕೆ ಬಂದ ಕಾರುಗಳು ಹುಟ್ಟಿದ್ದು ಬೇರೆ ಹವೆಗೆ. ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಮಾಡಿದ ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮರುಹುಟ್ಟು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100ರ ಕುಡಿ. ಅಂಬಾಸಡರಿನ 1,489 ಸಿಸಿ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದೇ ಪಕ್ಕದಲ್ಲಿ, ಒಂದರ ಮೇಲೊಂದು. ಇಂಗ್ಲೆಂಡಿನ ಜನವರಿಯಲ್ಲಿ ಅದು ವರ, ನಾಗಪುರದ ಮೇ ತಿಂಗಳಿನಲ್ಲಿ ಶಾಪ. ಈ ವಿನ್ಯಾಸಗಳು ಹಲವು ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿದವು. ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಹೀಗಾಗಿ ಬೇರೆ ದೇಶಗಳು ಮರೆತುಬಿಟ್ಟಿದ್ದ ಒಂದು ವಿದ್ಯೆ ಇಲ್ಲಿನ ಚಾಲಕರ, ಮೆಕ್ಯಾನಿಕ್ಕುಗಳ ಕೈಯಲ್ಲಿ ಬಹುಕಾಲ ಬದುಕಿತ್ತು.

ಆ ವಿದ್ಯೆಯಲ್ಲಿ ಮುಖ್ಯವಾದದ್ದು ಒದ್ದೆ ಬಟ್ಟೆ. ಇದು ಮರದ ಕ್ಲಿಪ್ಪಿನಂಥದ್ದಲ್ಲ, ಇದರಲ್ಲಿ ಹುರುಳಿದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಆ ಶಾಖವನ್ನು ನೀರು ಪಂಪಿನ ಲೋಹದಿಂದಲೇ ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿ ಕುಡಿಯುವ ನೀರನ್ನು ತಣ್ಣಗಿಡುವುದೂ ಇದೇ ಲೆಕ್ಕದಲ್ಲಿ. ಒಣಹವೆಯ ವಿಜಯಪುರ, ಸೋಲಾಪುರಗಳಲ್ಲಿ ಬಟ್ಟೆ ಬೇಗ ಕೆಲಸ ಮಾಡುತ್ತದೆ, ಚೆನ್ನೈಯ ತೇವದ ಸೆಕೆಯಲ್ಲಿ ತಡವಾಗಿ. ಬಲ್ಲವರು ಬಟ್ಟೆಯನ್ನು ಪಂಪಿಗೆ ಮಾತ್ರ ಸುತ್ತುತ್ತಿದ್ದರು. ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ನೀರು ಸುರಿದರೆ ಬೀಡು ಕಬ್ಬಿಣ ಸೀಳುವ ಭಯ, ಡಿಸ್ಟ್ರಿಬ್ಯೂಟರ್ ನೆನೆದರೆ ಕಿಡಿಯೂ ಇಲ್ಲ.

ನಿಂತ ಮೇಲೆ ಮಾಡುವುದಕ್ಕಿಂತ ನಿಲ್ಲದಂತೆ ನೋಡಿಕೊಳ್ಳುವುದು ಮೇಲು ಎಂಬುದೂ ಅವರಿಗೆ ಗೊತ್ತಿತ್ತು. ಪಂಪಿಗೂ ಎಂಜಿನ್ನಿಗೂ ನಡುವೆ, ಕಾರ್ಬ್ಯುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ದಪ್ಪ ಬೇಕಲೈಟ್ ತುಂಡು ಇಟ್ಟರೆ ಕಾವು ಸುಲಭವಾಗಿ ದಾಟುವುದಿಲ್ಲ. ಎಕ್ಸಾಸ್ಟಿನ ಮೇಲೆ ತಗಡಿನ ತಡೆ ಕಟ್ಟಿದರೆ ನೇರ ಝಳ ತಪ್ಪುತ್ತದೆ. ಪೆಟ್ರೋಲ್ ಪೈಪನ್ನು ಬಿಸಿ ಭಾಗಗಳಿಂದ ದೂರ ಹಾಯಿಸಬೇಕು. ಟ್ಯಾಂಕಿನ ಹತ್ತಿರ ವಿದ್ಯುತ್ ಪಂಪ್ ಕೂರಿಸಿದರೆ ಹೀರುವ ಬದಲು ತಳ್ಳುವ ಕೆಲಸವಾಗುತ್ತದೆ, ಪೈಪಿನಲ್ಲಿ ಒತ್ತಡ ಇಳಿಯುವ ಬದಲು ಏರುತ್ತದೆ. ಆದರೆ ಒತ್ತಡ ಹೆಚ್ಚಾದರೆ ಕಾರ್ಬ್ಯುರೇಟರ್ ಉಕ್ಕುತ್ತದೆ, ಅಪಘಾತವಾದಾಗ ಪಂಪ್ ತಾನೇ ನಿಲ್ಲುವ ಏರ್ಪಾಡೂ ಬೇಕು. ಪಂಪಿನಿಂದ ಟ್ಯಾಂಕಿಗೆ ಮರಳುವ ಸಣ್ಣ ಪೈಪೊಂದನ್ನು ಜೋಡಿಸಿದರೆ ಗುಳ್ಳೆಗಳು ಹಿಂದಕ್ಕೆ ಹೋಗುತ್ತವೆ, ಪೆಟ್ರೋಲ್ ಒಂದೇ ಕಡೆ ನಿಂತು ಕಾಯುವುದಿಲ್ಲ.

ಇನ್ನು ಖರ್ಚಿಲ್ಲದ ಉಪಾಯಗಳು. ಏರು ಹತ್ತಿ ಬಂದ ಕೂಡಲೇ ಎಂಜಿನ್ ಆರಿಸದೆ ಒಂದೆರಡು ನಿಮಿಷ ಹಾಗೆಯೇ ಓಡಲು ಬಿಡುವುದು, ನಿಲ್ಲಿಸಿದ ಮೇಲೆ ಬಾನೆಟ್ ತೆರೆದಿಡುವುದು. ಪೆಟ್ರೋಲ್ ಉಕ್ಕಿ ನಿಂತ ಎಂಜಿನ್ನಿಗೆ ಚೋಕ್ ಎಳೆಯದೆ, ಆಕ್ಸಿಲರೇಟರನ್ನು ಪದೇ ಪದೇ ತುಳಿಯದೆ, ಒಮ್ಮೆ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡುವುದು.

ಕಾಗದದ ಮೇಲಿನ ಒಪ್ಪಂದ

ಚಾಲಕರು ಬಟ್ಟೆ ಅದ್ದುತ್ತಿದ್ದಾಗ ಇನ್ನೊಂದು ಕಡೆ ಪೆಟ್ರೋಲ್ ಮಾಡುವವರಿಗೂ ಕಟ್ಟಳೆ ಬಂತು. ಪೆಟ್ರೋಲನ್ನು 37.8 ಡಿಗ್ರಿಗೆ, ಅಂದರೆ 100 ಡಿಗ್ರಿ ಫ್ಯಾರನ್‌ಹೀಟಿಗೆ ಕಾಯಿಸಿ ಅದರ ಆವಿಯ ಒತ್ತಡ ಅಳೆಯುವುದಕ್ಕೆ ರೀಡ್ ಪರೀಕ್ಷೆ ಎಂದು ಹೆಸರು. ಭಾರತೀಯ ಮಾನಕ ಐಎಸ್ 2796 ಇದರ ಜೊತೆಗೆ ‘ವೇಪರ್ ಲಾಕ್ ಇಂಡೆಕ್ಸ್’ ಎಂಬ ಅಂಕಿಯನ್ನೂ ಇಟ್ಟಿತು. ಕಿಲೋಪಾಸ್ಕಲ್‌ಗಳಲ್ಲಿ ಅಳೆದ ಆವಿಯ ಒತ್ತಡದ ಹತ್ತು ಪಟ್ಟಿಗೆ, 70 ಡಿಗ್ರಿಯೊಳಗೆ ಆವಿಯಾಗುವ ಶೇಕಡಾವಾರು ಪ್ರಮಾಣದ ಏಳು ಪಟ್ಟು ಕೂಡಿಸಬೇಕು. ಎಥನಾಲ್ ಬೆರೆಸದ ಪೆಟ್ರೋಲಿಗೆ ಬೇಸಿಗೆಯಲ್ಲಿ ಈ ಮೊತ್ತ 750 ಮೀರಬಾರದು, ಉಳಿದ ತಿಂಗಳುಗಳಲ್ಲಿ 950. ಆವಿಯ ಒತ್ತಡ 60 ಇದ್ದರೆ ಅದರ ಪಾಲು 600. ಉಳಿದ 150ನ್ನು ಏಳರಿಂದ ಭಾಗಿಸಿದರೆ 21. ಅಂದರೆ ಬೇಸಿಗೆಯ ಆ ಪೆಟ್ರೋಲಿನಲ್ಲಿ 70 ಡಿಗ್ರಿಯೊಳಗೆ ಆರುವ ಅಂಶ ಶೇ 21ರ ಆಸುಪಾಸಿನಲ್ಲೇ ನಿಲ್ಲಬೇಕು. ಘಾಟಿಯಲ್ಲಿ ನಿಂತ ಚಾಲಕನ ಕಷ್ಟವನ್ನು ಸೂತ್ರಕ್ಕೆ ಇಳಿಸಿದರೆ ಹೀಗಿರುತ್ತದೆ.

ಕಾರಿನ ಕಡೆಯಿಂದ ಶಾಶ್ವತ ಪರಿಹಾರ ಬಂದದ್ದು ಪಂಪನ್ನು ಟ್ಯಾಂಕಿನೊಳಗೆ ಮುಳುಗಿಸಿದಾಗ. ಎರಡನೆಯ ಮಹಾಯುದ್ಧದ ವಿಮಾನಗಳು ಎತ್ತರದಲ್ಲಿ ಇದೇ ತೊಂದರೆಗೆ ಇದೇ ಉಪಾಯ ಕಂಡುಕೊಂಡಿದ್ದವು. ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ ಪೈಪಿನಲ್ಲಿ ವಾತಾವರಣಕ್ಕಿಂತ ಹಲವು ಪಟ್ಟು ಒತ್ತಡವಿದ್ದು, ಪೆಟ್ರೋಲ್ ಕುದಿಯುವ ಸಂಭವ ಬಹಳ ಕಡಿಮೆಯಾಯಿತು. 2000ದ ನಂತರ ಹೊಗೆಯ ನಿಯಮಗಳು ಬಿಗಿಯಾದಂತೆ ಭಾರತದ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಯಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ಸಿಎನ್‌ಜಿಗೆ ಬದಲಾದವು. ಮೊದಲೇ ಅನಿಲವಾಗಿರುವುದು ಮತ್ತೆ ಕುದಿಯುವುದೆಲ್ಲಿ ಬಂತು?

ಎಥನಾಲಿನ ಹೊಸ ಲೆಕ್ಕ

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಪೆಟ್ರೋಲ್ ಮತ್ತೆ ಬದಲಾಗುತ್ತಿದೆ. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ 5ರಿಂದ ಆರಂಭವಾದ ಎಥನಾಲ್ ಮಿಶ್ರಣ 2022ರಲ್ಲಿ ಶೇ 10 ಮುಟ್ಟಿತು. ಶೇ 20ರ ಮಿಶ್ರಣದ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೆ ಹಿಂದಕ್ಕೆ ತರಲಾಯಿತು. ಆಮದು ತೈಲದ ಖರ್ಚು, ಕಬ್ಬು ಬೆಳೆಗಾರರ ಆದಾಯ, ಇವು ಸಣ್ಣ ಕಾರಣಗಳಲ್ಲ. ಮಂಡ್ಯ, ಬೆಳಗಾವಿ, ಕೊಲ್ಹಾಪುರದ ಬೆಳೆಗಾರರಿಗೆ ಅದು ಗೊತ್ತು.

ಹಳೆಯ ಕಾರಿನ ಲೆಕ್ಕ ಮಾತ್ರ ಬೇರೆ. ಶುದ್ಧ ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ. ಪೆಟ್ರೋಲಿನೊಡನೆ ಬೆರೆತಾಗ ಎರಡೂ ಸೇರಿ ಅದಕ್ಕಿಂತ ಕಡಿಮೆ ಕಾವಿಗೇ ಆರುತ್ತವೆ. ಸೂತ್ರದ ಎರಡನೆಯ ಭಾಗ, ಅಂದರೆ 70 ಡಿಗ್ರಿಯೊಳಗೆ ಆವಿಯಾಗುವ ಪಾಲು, ಇದರಿಂದ ಏರುತ್ತದೆ. ಎಥನಾಲಿಗೆ ಆವಿಯಾಗಲು ಹೆಚ್ಚು ಶಾಖ ಬೇಕಾದ್ದರಿಂದ ಒಳಹೋಗುವ ಮಿಶ್ರಣ ತಣಿಯುವುದೂ ನಿಜ. ಆದರೆ ಆ ಲಾಭ ಸಿಗುವುದು ಕಾರ್ಬ್ಯುರೇಟರ್ ದಾಟಿದ ಮೇಲೆ, ಪಂಪಿನ ಹಿಂದಿನ ಪೈಪಿನಲ್ಲಿ ಅಲ್ಲ. ಹಳೆಯ ಡಯಾಫ್ರಂ, ರಬ್ಬರ್ ಪೈಪುಗಳನ್ನು ಎಥನಾಲ್ ಮೆತ್ತಗಾಗಿಸಬಲ್ಲದು. ಕಾದ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಸೋರುವುದು ವೇಪರ್ ಲಾಕಿಗಿಂತ ದೊಡ್ಡ ಅಪಾಯ. ಆದ್ದರಿಂದ ಬೇಕಲೈಟ್ ತುಂಡು, ತಗಡಿನ ತಡೆಗಳಿಗಿಂತ ಮೊದಲು ಆಗಬೇಕಾದ ಕೆಲಸವೆಂದರೆ, ಎಥನಾಲ್ ತಾಳುವ ಹೊಸ ಪೈಪು ಮತ್ತು ಡಯಾಫ್ರಂ ಹಾಕಿಸುವುದು.

ಐವತ್ತು ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಸರಣಿಯ ಸಂಖ್ಯೆ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಕಾರಿಗೆ ಪರಂಪರೆಯ ಮಾನ್ಯತೆ ಕೊಡಲು ಒಂದು ನಂಬರ್ ಪ್ಲೇಟ್ ಸಾಕು. ಅದು ಕುಡಿಯಬಲ್ಲ ಪೆಟ್ರೋಲ್ ಬಂಕಿನಲ್ಲಿ ಸಿಗಬೇಕು, ಸಿಗದಿದ್ದರೆ ಸಿಕ್ಕಿದ್ದನ್ನು ಅದಕ್ಕೆ ಒಗ್ಗಿಸುವ ಮೆಕ್ಯಾನಿಕ್ ಇರಬೇಕು. ಎರಡೂ ಇಲ್ಲದಿದ್ದರೆ ಉಳಿಯುವುದು ಕಾರಲ್ಲ, ಕಾರಿನ ಬೊಂಬೆ.

ಶೇ 20ರ ಮಿಶ್ರಣ ಬಂಕಿಗೆ ಬಂದ 2023ರಲ್ಲೇ, ಅಕ್ಟೋಬರ್ ಕೊನೆಗೆ, ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು. ಅವುಗಳನ್ನು ಓಡಿಸಿದವರು ಕೈ ತಟ್ಟಿಸಿದರೆ ಸಾಕು, ಪಂಪ್ ಎಷ್ಟು ಕಾದಿದೆ ಎಂದು ಹೇಳಬಲ್ಲವರಾಗಿದ್ದರು. ಆ ಅಂದಾಜನ್ನು ಯಾವ ಕೈಪಿಡಿಯೂ ಕಲಿಸುವುದಿಲ್ಲ. ಹಳೆಯ ಕಾರನ್ನು ಓಡಿಸುವ ಆಸೆಯಿರುವವರು ಅವರನ್ನು ಹುಡುಕಿ ಕೇಳಿಕೊಳ್ಳಲು ಇದು ಸಕಾಲ.