ಹಳೆಯ ಬೊಲೆರೊ, ಸುಮೊ, ಜೀಪು ಕೊಳ್ಳುತ್ತಿದ್ದೀರಾ? ಫಾರ್ವರ್ಡ್ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಹಳ್ಳಿಗಳಲ್ಲಿ ಡೀಸೆಲ್ ಜೀಪು, ಬೊಲೆರೊ, ಸುಮೊ ಎಂದರೆ ಮನೆಯ ಒಂದು ಆಳಿದ್ದಂತೆ. ಹೊಲಕ್ಕೆ ಗೊಬ್ಬರ, ಸಂತೆಗೆ ಮೆಣಸಿನಕಾಯಿ ಚೀಲ, ಮದುವೆಗೆ ಬೀಗರು, ಅಪರಾತ್ರಿಯಲ್ಲಿ ಆಸ್ಪತ್ರೆಗೆ ರೋಗಿ, ಎಲ್ಲಕ್ಕೂ ಅದೇ ಗಾಡಿ. ಹೊಸದರ ಬೆಲೆ ಕೈಗೆಟುಕದಿದ್ದಾಗ ಜನ ಸೆಕೆಂಡ್ ಹ್ಯಾಂಡ್ ಕಡೆ ನೋಡುತ್ತಾರೆ. ಆಗಲೇ ವಾಟ್ಸ್‌ಆ್ಯಪ್‌ನಲ್ಲಿ ಸಲಹೆಗಳ ಸುರಿಮಳೆ ಆಗುತ್ತದೆ. ಒಂದು ವರ್ಷದ ಕಬ್ಬಿನ ಬಿಲ್ಲು ಪೂರ್ತಿ ಹಾಕಿ ತಂದ ಗಾಡಿ ಮೂರು ತಿಂಗಳಲ್ಲಿ ಗ್ಯಾರೇಜ್ ಸೇರಿದರೆ ಆ ಸಲಹೆ ಕೊಟ್ಟವರು ಯಾರೂ ಬರುವುದಿಲ್ಲ. ಹಾಗಾಗಿ ಅಂಥ ಮಾತುಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಮಾತು 1: "ಡೀಸೆಲ್ ಗಾಡಿಗೆ 10 ವರ್ಷವಷ್ಟೇ ಆಯುಷ್ಯ, ಆಮೇಲೆ ಗುಜರಿಗೆ"

ನಮ್ಮ ರಾಜ್ಯಕ್ಕೆ ಇದು ಸುಳ್ಳು. 10 ವರ್ಷದ ಮಿತಿ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕೆ. ಅಲ್ಲಿನ ಹೊಗೆ ಮಾಲಿನ್ಯದ ಕಾರಣಕ್ಕೆ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಆದೇಶ ಹೊರಡಿಸಿತು. ಕರ್ನಾಟಕದಲ್ಲಿ ಸ್ವಂತ ಬಳಕೆಯ ಬಿಳಿ ಬೋರ್ಡ್ ಗಾಡಿಯ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬಹುದು. ಆದರೆ ಇದು ಅಗ್ಗವಲ್ಲ. ಕಾರು, ಜೀಪಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 14 ವರ್ಷದ ಗಾಡಿ "ಭಾರೀ ಸೋವಿ" ಎನಿಸಿದರೆ ಮುಂದಿನ ವರ್ಷದ ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಳದಿ ಬೋರ್ಡ್ ಗಾಡಿಯ ನಿಯಮ ಬೇರೆ. ಮೊದಲ 8 ವರ್ಷ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು.

ಮಾತು 2: "ಎಂಎಚ್ ಪಾಸಿಂಗ್ ಗಾಡಿ ಅಗ್ಗ, ಕಾಗದ ಆಮೇಲೆ ನೋಡಿದರಾಯಿತು"

ಸಂಕೇಶ್ವರದಿಂದ ಗಡಹಿಂಗ್ಲಜ, ಕೊಲ್ಹಾಪುರ ದೂರವೇನಿಲ್ಲ. ಹೀಗಾಗಿ ಎಂಎಚ್ 09 ನಂಬರಿನ ಗಾಡಿಗಳು ಈ ಕಡೆ ಮಾರಾಟಕ್ಕೆ ಬರುವುದು ಸಹಜ. ಕೊಳ್ಳುವುದು ತಪ್ಪಲ್ಲ, ಕಾಗದ ಬಿಟ್ಟು ಕೊಳ್ಳುವುದು ತಪ್ಪು. ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು. ಅದಕ್ಕೆ ಫಾರ್ಮ್ 28. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಆರ್‌ಸಿಯಲ್ಲಿ ಬ್ಯಾಂಕ್, ಫೈನಾನ್ಸ್ ಅಥವಾ ಸೊಸೈಟಿಯ ಸಾಲ ನಮೂದಾಗಿದ್ದರೆ ಅದನ್ನು ತೆಗೆಸಲು ಫಾರ್ಮ್ 35, ಜೊತೆಗೆ ಸಾಲ ತೀರಿದ ಪತ್ರ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಲೇಬೇಕು. ಕರ್ನಾಟಕದ ತೆರಿಗೆ ಬೇರೆ ಕಟ್ಟಬೇಕಾಗುತ್ತದೆ. ಅದನ್ನು ಕೂಡಿಸಿದ ಮೇಲೂ ಗಾಡಿ ಅಗ್ಗವೇ ಎಂದು ನೋಡಿ.

ಮಾರುವವರಿಗೂ ಒಂದು ಎಚ್ಚರಿಕೆ. ಸಹಿ ಹಾಕಿದ ಖಾಲಿ ಫಾರ್ಮ್ ಕೊಟ್ಟು ಕೈ ತೊಳೆದುಕೊಂಡರೆ ಮುಗಿಯುವುದಿಲ್ಲ. ಹಲವು ಕೈ ಬದಲಾಗಿ, ಆರ್‌ಸಿಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಉಳಿದಿದ್ದ ಗಾಡಿಯೊಂದು ಅಪಘಾತ ಮಾಡಿತ್ತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಹೇಳಿತು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು, ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಕೇಳಬೇಕು.

ದುಡ್ಡು ಕೊಡುವ ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಚಾಸಿಯ ಮೇಲೆ ಕೊರೆದ ನಂಬರ್ ಮತ್ತು ಆರ್‌ಸಿಯ ನಂಬರ್ ಒಂದೇ ಇರಬೇಕು.

ಮಾತು 3: "ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆದರೆ ಎಂಜಿನ್ ಗಟ್ಟಿ"

ಅರ್ಧ ಸತ್ಯ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಸುಮಾರು 16ರಿಂದ 22 ಪಟ್ಟು ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ, ಅದರೊಳಗೆ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಗಾಳಿ ಸೋರುತ್ತದೆ, ಒತ್ತಡ ಸಾಲುವುದಿಲ್ಲ. ತಣ್ಣಗಿರುವಾಗ ಈ ದೋಷ ಎದ್ದು ಕಾಣುತ್ತದೆ. ಬಿಸಿ ಎಂಜಿನ್‌ನಲ್ಲಿ ಅಡಗಿಕೊಳ್ಳುತ್ತದೆ. ಅದಕ್ಕೇ ಕೆಲವರು ಗಿರಾಕಿ ಬರುವ ಮೊದಲೇ ಗಾಡಿ ಓಡಿಸಿ ಬಿಸಿ ಮಾಡಿಟ್ಟಿರುತ್ತಾರೆ.

ನೋಡಲು ಬೆಳಿಗ್ಗೆ ಹೋಗಿ. ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ "ನಾಳೆ ಬರ್ತೀನಿ" ಎಂದು ಹೇಳಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ.

• ಕಪ್ಪು ಹೊಗೆ: ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಏರ್ ಫಿಲ್ಟರ್, ನಾಜಲ್, ಟರ್ಬೊ ನೋಡಿಸಬೇಕು.
• ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸವೆದಿರಬಹುದು. ಖರ್ಚು ದೊಡ್ಡದು.
• ಬಿಳಿ ಹೊಗೆ: ಚಳಿಯಲ್ಲಿ ಒಂದೆರಡು ನಿಮಿಷ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ. ಸ್ವಲ್ಪ ಹಬೆ ಬಂದರೆ ಸಹಜ. ಬುಸುಬುಸು ಎಂದು ಹೊಗೆ ಒತ್ತಿ ಬಂದರೆ ರಿಂಗ್ ಸವೆದ ಲಕ್ಷಣ.

ಮಾತು 4: "ಆಯಿಲ್ ಕಪ್ಪಾಗಿದ್ದರೆ ಎಂಜಿನ್ ಕೆಟ್ಟಿದೆ"

ಸುಳ್ಳು. ಡೀಸೆಲ್ ಉರಿದಾಗ ಮಸಿ ಆಗಿಯೇ ಆಗುತ್ತದೆ. ಆ ಮಸಿಯನ್ನು ತನ್ನೊಳಗೆ ತೇಲಿಸಿಟ್ಟುಕೊಳ್ಳುವುದೇ ಆಯಿಲ್‌ನ ಒಂದು ಕೆಲಸ. ಆದ್ದರಿಂದ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಹೆದರಬೇಕಾದದ್ದು ಹಾಲು ಬೆರೆಸಿದ ಚಹಾದಂಥ ಬಣ್ಣಕ್ಕೆ. ಅಂದರೆ ಆಯಿಲ್‌ಗೆ ನೀರು ಸೇರಿದೆ ಎಂದು ಅರ್ಥ. ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೂ ಎಚ್ಚರ ವಹಿಸಿ. ಆದರೆ ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಯಾವತ್ತೂ ತೆಗೆಯಬೇಡಿ. ಕುದಿಯುವ ನೀರು ಚಿಮ್ಮಿ ಮುಖ, ಕಣ್ಣು ಸುಡುತ್ತದೆ.

ಮಾತು 5: "ಥರ್ಮೋಸ್ಟಾಟ್ ತೆಗೆಸಿದರೆ ಗಾಡಿ ಹೀಟ್ ಆಗಲ್ಲ"

ಇದು ಗ್ಯಾರೇಜುಗಳಲ್ಲೂ ಕೇಳಿಬರುವ ಮಾತು. ಎಂಜಿನ್ ಹದವಾಗಿ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವುದು ಥರ್ಮೋಸ್ಟಾಟ್ ವಾಲ್ವ್. ಅದನ್ನು ತೆಗೆದರೆ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮೈಲೇಜ್ ಬೀಳುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಹೀಟ್ ಆಗುವುದಕ್ಕೆ ನಿಜವಾದ ಕಾರಣ ಬೇರೆಯೇ ಇರುತ್ತದೆ: ಕಟ್ಟಿಕೊಂಡ ರೇಡಿಯೇಟರ್, ಸೋರುವ ಪೈಪು, ಸಡಿಲ ಫ್ಯಾನ್ ಬೆಲ್ಟ್, ಸವೆದ ವಾಟರ್ ಪಂಪ್. ಬೋರ್‌ವೆಲ್‌ನ ಗಡಸು ನೀರು ತುಂಬಿಸಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಕೂಲೆಂಟ್ ಹಾಕಿ, ಬೆರೆಸಲು ಡಿಸ್ಟಿಲ್ಡ್ ನೀರು ಬಳಸಿ.

ಮಾತು 6: "ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಪಿಕಪ್ ಜಾಸ್ತಿ"

ಅಪಾಯದ ಸಲಹೆ. ಡೀಸೆಲ್ ಪಂಪ್ ಮತ್ತು ನಾಜಲ್‌ಗೆ ಡೀಸೆಲ್ಲೇ ಎಣ್ಣೆ ಬಿಟ್ಟಂತೆ ಜಾರುಗುಣ ಕೊಡುತ್ತದೆ. ಸೀಮೆಎಣ್ಣೆ ತೆಳು, ಅದಕ್ಕೆ ಆ ಗುಣ ಕಡಿಮೆ. ಸಿಆರ್‌ಡಿಐ ಎಂಜಿನ್‌ನಲ್ಲಿ ಇಂಧನದ ಒತ್ತಡ 1,000 ಬಾರ್ ದಾಟುತ್ತದೆ. ಅಲ್ಲಿ ಈ ಪ್ರಯೋಗ ಮಾಡಿದರೆ ಉಳಿಸಿದ ಹತ್ತಾರು ರೂಪಾಯಿಗೆ ಪ್ರತಿಯಾಗಿ ಸಾವಿರಾರು ರೂಪಾಯಿ ದಂಡ. ಡೀಸೆಲ್ ಫಿಲ್ಟರ್ ಕೆಳಗೆ ಸೇರಿದ ನೀರನ್ನು ಆಗಾಗ ಬಿಡುವುದು ಮಾತ್ರ ಒಳ್ಳೆಯ ಅಭ್ಯಾಸ.

ತಂದ ಮೇಲೆ ಮೊದಲು ಏನು ರಿಪೇರಿ?

ಬಹಳ ಜನ ಮೊದಲು ಪೇಂಟ್, ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ ಹಾಕಿಸುತ್ತಾರೆ. ಈ ಕ್ರಮ ಬದಲಾಗಬೇಕು. ನಮ್ಮ ಸಲಹೆ ಹೀಗಿದೆ:

1. ನಿಲ್ಲುವುದು: ಬ್ರೇಕ್ ಲೈನಿಂಗ್, ಪ್ಯಾಡ್, ಬ್ರೇಕ್ ಆಯಿಲ್. ಈ ಆಯಿಲ್ ಗಾಳಿಯ ತೇವ ಹೀರಿ ದುರ್ಬಲವಾಗುತ್ತದೆ, ಹಳೆಯದನ್ನು ತೆಗೆಸಿಬಿಡಿ.
2. ಹಿಡಿತ: ಟೈರ್, ಸ್ಟೀರಿಂಗ್, ಹಿಂದಿನ ಸ್ಪ್ರಿಂಗ್ ಪ್ಲೇಟ್. ಟೈರ್ ಮೇಲಿನ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಬ್ಬಿ ಚೆನ್ನಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಹೆದ್ದಾರಿ 48ರ ವೇಗದಲ್ಲಿ ಟೈರ್ ಸಿಡಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.
3. ತಂಪು: ರೇಡಿಯೇಟರ್, ಪೈಪು, ಬೆಲ್ಟ್, ಥರ್ಮೋಸ್ಟಾಟ್.
4. ಆಯಿಲ್ ಮತ್ತು ಫಿಲ್ಟರ್: ಎಂಜಿನ್, ಗೇರ್, ಡಿಫರೆನ್ಷಿಯಲ್ ಆಯಿಲ್, ಎಲ್ಲ ಫಿಲ್ಟರ್. ಎಲ್ಲವನ್ನೂ ಒಟ್ಟಿಗೆ ಬದಲಿಸಿ ದಿನಾಂಕ, ಕಿಲೋಮೀಟರ್ ಬರೆದಿಡಿ.
5. ಕರೆಂಟು: ಬ್ಯಾಟರಿ, ಆಲ್ಟರ್ನೇಟರ್, ಲೈಟು.
6. ಕೊನೆಗೆ ಬಾಡಿ: ಬೊಲೆರೊ, ಜೀಪಿನಂಥ ಗಾಡಿಗಳ ಭಾರವನ್ನೆಲ್ಲ ಹೊರುವುದು ಕೆಳಗಿನ ಚಾಸಿ. ಕೆಸರು ತೊಳೆಸಿ ತುಕ್ಕು, ವೆಲ್ಡಿಂಗ್ ಗುರುತು ನೋಡಿಸಿ. ಇದನ್ನು ಕೊಳ್ಳುವ ಮುನ್ನವೇ ನೋಡಿದರೆ ಇನ್ನೂ ಒಳ್ಳೆಯದು.

ಗ್ರೂಪ್‌ಗೆ ಕಳುಹಿಸಲು ನಾಲ್ಕು ಸಾಲು

ತಣ್ಣಗಿರುವ ಎಂಜಿನ್ ನೋಡಿ. ಹೊಗೆಯ ಬಣ್ಣ ನೋಡಿ. ಎನ್‌ಒಸಿ, ಸಾಲದ ಪತ್ರ ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ಪೇಂಟ್‌ಗಿಂತ ಮೊದಲು ಬ್ರೇಕ್ ಮಾಡಿಸಿ.